ಗೋಮಾಳ ಎಲ್ಲಿದೆ ಎಂದು ಮೊದಲು ಹೇಳಿ: ವೈರ್‌ಲೆಸ್ ಅಡ್ವೈಸರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ವೈರ್‌ಲೆಸ್ ಅಡ್ವೈಸರ್ ಅವರಿಗೆ,
ದೂರಸಂಪರ್ಕ ಇಲಾಖೆ, ಸಂಚಾರ ಭವನ, ನವದೆಹಲಿ

ಮಾನ್ಯರೇ,

ನಾನು ನಿಮ್ಮ ವಿಭಾಗ ಕೊಟ್ಟ ಲೈಸೆನ್ಸ್ ಇಟ್ಟುಕೊಂಡಿರುವ ಹ್ಯಾಮ್, ಅಂದರೆ ಹವ್ಯಾಸಕ್ಕಾಗಿ ರೇಡಿಯೊ ಸೆಟ್ಟಿನಲ್ಲಿ ಮಾತಾಡುವ ಬಳಗದ ಒಬ್ಬ. ವಾಸ ಚಿಕ್ಕಮಗಳೂರು ಜಿಲ್ಲೆಯ ಕಾಫಿ ಸೀಮೆ. ದೆಹಲಿಗೆ ಬರೆಯುವ ಪತ್ರ ಕನ್ನಡದಲ್ಲೇಕೆ ಎಂದು ನೀವು ಕೇಳಬಹುದು. ನಿಮ್ಮಷ್ಟೇ ಇದನ್ನು ಓದಬೇಕಾದವರು ಇಲ್ಲಿದ್ದಾರೆ. ಸೊಂಟಕ್ಕೆ ವಾಕಿಟಾಕಿ ಸಿಕ್ಕಿಸಿಕೊಂಡು ಜೀಪು ಓಡಿಸುವವರು, ಹೋಮ್‌ಸ್ಟೇ ನಡೆಸುವವರು, ಅವರ ಮಾತು ಕಿವಿಗೆ ಬಿದ್ದರೆ ಹಲ್ಲು ಕಡಿಯುವ ನನ್ನ ಹ್ಯಾಮ್ ಬಳಗದವರು, ಮತ್ತೆ ಇಬ್ಬರನ್ನೂ ಒಂದೇ ಅನುಮಾನದಿಂದ ನೋಡುವ ಪೊಲೀಸರು. ಅನುವಾದ ಮಾಡಿಸಿಕೊಳ್ಳುವ ಅನುಕೂಲ ನಿಮಗಿದೆ, ಅವರಿಗಿಲ್ಲ.

ದೂರು ಇದು. ವಾರಾಂತ್ಯಗಳಲ್ಲಿ, ಅದರಲ್ಲೂ ಸಾಲು ರಜೆ ಬಂದಾಗ, ನಮ್ಮ ಎರಡು ಮೀಟರ್ ಬ್ಯಾಂಡಿನಲ್ಲಿ, ಅಂದರೆ 144ರಿಂದ 146 ಮೆಗಾಹರ್ಟ್ಸ್ ನಡುವೆ, ಕಾಲ್‌ಸೈನ್, ಅಂದರೆ ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು, ಇಲ್ಲದ ದನಿಗಳು ಸೇರಿಕೊಳ್ಳುತ್ತವೆ. ‘ಎರಡನೇ ಜೀಪು ಎಲ್ಲಿ ಸಿಕ್ಕಾಕ್ಕೊಂಡ್ತು?’ ‘ಗೆಸ್ಟು ಇಳಿದ್ರಾ?’ ‘ಕೆಳಗಿಂದ ಬಸ್ ಬರ್ತಾ ಇದೆ, ತಿರುವಲ್ಲೇ ನಿಲ್ಸು.’ ಜಾತ್ರೆಯಿದ್ದರೆ ಪಾರ್ಕಿಂಗ್ ನೋಡಿಕೊಳ್ಳುವ ಹುಡುಗರು. ಪೇಟೆ ಕಡೆ ಹೋದರೆ ಕಟ್ಟಡದ ಕ್ರೇನ್ ನಡೆಸುವವರು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು. ತಾವು ಯಾರ ಜಾಗದಲ್ಲಿ ನಿಂತು ಮಾತಾಡುತ್ತಿದ್ದೇವೆ ಎಂಬ ಸುಳಿವು ಇವರಲ್ಲಿ ಹೆಚ್ಚಿನವರಿಗೆ ಇಲ್ಲ. ‘ಚಾನೆಲ್ ಮೂರಕ್ಕೆ ಬಾ’ ಎನ್ನುತ್ತಾರೆ. ಆ ಮೂರರ ಹಿಂದಿರುವ ಫ್ರೀಕ್ವೆನ್ಸಿ ಯಾವುದು ಎಂದರೆ ಸೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ.

ಇವರನ್ನು ಕಳ್ಳರೆನ್ನಲು ನನಗೆ ಬಾಯಿ ಬರುವುದಿಲ್ಲ. ಇಲ್ಲಿನ ಗುಡ್ಡದ ಮಡಿಲುಗಳಲ್ಲಿ ಮೊಬೈಲ್ ಸಿಗ್ನಲ್ ಇವತ್ತಿಗೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಳೆ ಹಿಡಿದು ಕರೆಂಟ್ ಹೋದರೆ ಟವರ್‌ನ ಬ್ಯಾಟರಿ ಎಷ್ಟು ಹೊತ್ತು ತಡೆದೀತು? ಒಂದೇ ಗಾಡಿ ಹಿಡಿಸುವ ದಾರಿಯಲ್ಲಿ ಮೇಲಿಂದ ಇಳಿಯುವ ಜೀಪಿಗೂ ಕೆಳಗಿಂದ ಹತ್ತುವ ಜೀಪಿಗೂ ಮಾತು ಬೇಕೇ ಬೇಕು. ತೋಟದ ಆ ತುದಿಯಲ್ಲಿ ಆನೆ ಇಳಿದಿದೆ ಎಂದು ಈ ತುದಿಯ ಆಳುಗಳಿಗೆ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಹೇಗಾದರೂ ತಿಳಿಸಲೇಬೇಕು. ಇವೆಲ್ಲ ನಿಜವಾದ ಗರಜುಗಳು. ತಪ್ಪಿರುವುದು ಅವರು ನಿಂತ ಜಾಗದಲ್ಲಿ.

ಆ ಜಾಗಕ್ಕೆ ಅವರನ್ನು ತಂದು ನಿಲ್ಲಿಸಿದ್ದು ಮಾರುಕಟ್ಟೆ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಚೀನಾ ಹ್ಯಾಂಡಿಗಳು, ಅಂದರೆ ಕೈಸೆಟ್ಟುಗಳು, 136ರಿಂದ 174, 400ರಿಂದ 520 ಮೆಗಾಹರ್ಟ್ಸ್‌ವರೆಗೆ ಬಾಯಿ ತೆರೆದುಕೊಂಡೇ ಬರುತ್ತವೆ. ನಂಬರ್ ಒತ್ತಿದರೆ ಸಾಕು, ಹಡಗುಗಳು ಬಳಸುವ 156ರ ಆಸುಪಾಸಿನಲ್ಲೂ ಮಾತಾಡಬಹುದು, ನಮ್ಮ 145ರಲ್ಲೂ ಮಾತಾಡಬಹುದು. ಕೀಪ್ಯಾಡ್ ಇಲ್ಲದ ಇನ್ನೊಂದು ಜಾತಿಯಿದೆ, ಹದಿನಾರು ಚಾನೆಲ್ಲಿನದು. ಅದಕ್ಕೆ ಕಾರ್ಖಾನೆಯಲ್ಲೇ ಯಾವುದೋ ದೇಶದ ಲೆಕ್ಕದಲ್ಲಿ 462ರ ಸುತ್ತಮುತ್ತಲಿನ ಫ್ರೀಕ್ವೆನ್ಸಿ ತುಂಬಿರುತ್ತಾರೆ. ನಮ್ಮ ದೇಶದಲ್ಲಿ ಅದಕ್ಕೆ ಲೈಸೆನ್ಸ್‌ನಿಂದ ವಿನಾಯಿತಿ ಇಲ್ಲ ಎಂಬುದು ಕೊಂಡವನಿಗೆ ಹೇಗೆ ತಿಳಿಯಬೇಕು? ಡಬ್ಬಿಯ ಮೇಲಂತೂ ಬರೆದಿರುವುದಿಲ್ಲ. ನಮ್ಮ ಬಳಗದಲ್ಲೂ ಬಹಳ ಜನರ ಮೊದಲ ಸೆಟ್ ಇಂಥದ್ದೇ, ಸೆಟ್ಟಿನ ಮೇಲೆ ನನಗೆ ಮುನಿಸಿಲ್ಲ. ಪರೀಕ್ಷೆ ಬರೆದು ಬಂದವನ ಕೈಗೂ ಏನೂ ಗೊತ್ತಿಲ್ಲದವನ ಕೈಗೂ ಒಂದೇ ಸೆಟ್ಟು, ಒಂದೇ ಕ್ಲಿಕ್ಕಿನಲ್ಲಿ ತಲುಪುತ್ತದಲ್ಲ, ಅದು ಸರಿಯಿಲ್ಲ.

‘ಎರಡು ಮೀಟರಿನಲ್ಲಿ ನಾಲ್ಕು ಮಾತಾಡಿಕೊಂಡರೆ ನಿಮ್ಮದೇನು ಗಂಟು ಹೋಗುತ್ತದೆ?’ ಎಂದು ಹೋಮ್‌ಸ್ಟೇ ಮಾಲೀಕರೊಬ್ಬರು ನನ್ನನ್ನೇ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ6 ರಾಕೆಟ್ಟು ಕಾರ್ಟೊಸ್ಯಾಟ್-1ರ ಜೊತೆಗೆ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೋ ತೂಕದ ಪುಟ್ಟ ಉಪಗ್ರಹವನ್ನೂ ಹೊತ್ತು ಹೋಯಿತು. ಹ್ಯಾಮ್‌ಗಳಿಗಾಗಿಯೇ ಇಸ್ರೊ ಕಟ್ಟಿದ್ದು ಅದು. ನಾವು 435ರಲ್ಲಿ ಕರೆದರೆ ಅದು 145ರಲ್ಲಿ ಭೂಮಿಗೆ ಮರಳಿಸುತ್ತಿತ್ತು. 2014ರವರೆಗೆ ದುಡಿಯಿತು. ಮೊನ್ನೆ 2025ರ ಜುಲೈಯಲ್ಲಿ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ವಿದ್ಯಾರ್ಥಿಗಳ ಜೊತೆ ಮಾತಾಡಿದ್ದು ಹ್ಯಾಮ್ ರೇಡಿಯೊದಲ್ಲೇ. ನಿಲ್ದಾಣದ ದನಿ ಇಳಿಯುವುದು 145.800ರಲ್ಲಿ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಹಾಯುವ ನಿಲ್ದಾಣ ಒಂದೂರಿನ ನೆತ್ತಿಯ ಮೇಲೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಪಕ್ಕದ ಗುಡ್ಡದ ಮೇಲೆ 5 ವ್ಯಾಟಿನ ಹ್ಯಾಂಡಿ ಹಿಡಿದವರು ಅದೇ ಫ್ರೀಕ್ವೆನ್ಸಿಯಲ್ಲಿ ‘ನೀರು ಬಿಸಿಯಾಯ್ತಾ?’ ಎಂದು ಬಟನ್ ಒತ್ತಿದರೆ, ಅಂತರಿಕ್ಷದಿಂದ ಬಂದದ್ದು ಅಲ್ಲಿಗೆ ಮುಗಿಯಿತು. ಆ ಮಾಲೀಕರಿಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು. ‘ಹಾಗಾದರೆ ನಾವೆಲ್ಲಿ ಮಾತಾಡಬೇಕು, ಅದನ್ನು ಹೇಳಿ’ ಎಂದರು. ಈ ಪತ್ರ ಹುಟ್ಟಿದ್ದು ಆ ಮಾತಿನಿಂದ.

ತಮಾಷೆಯೆಂದರೆ ಅದಕ್ಕೆ ಉತ್ತರ ನಿಮ್ಮ ಕಡತದಲ್ಲೇ ಇದೆ. ಹ್ಯಾಮ್‌ಸ್ಯಾಟ್ ಹಾರಿದ ಅದೇ 2005ರಲ್ಲಿ ಸರ್ಕಾರ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಸಿಟಿಜನ್ ಬ್ಯಾಂಡನ್ನು 5 ವ್ಯಾಟಿನ ಮಿತಿಯಲ್ಲಿ ಲೈಸೆನ್ಸ್‌ನಿಂದ ಹೊರಗಿಟ್ಟಿತು. 2018ರ ನಿಯಮಗಳಲ್ಲಿ 446.0ರಿಂದ 446.2ರ ನಡುವಿನ ಕಡಿಮೆ ಶಕ್ತಿಯ ವಾಕಿಟಾಕಿಗಳಿಗೂ ವಿನಾಯಿತಿ ಸಿಕ್ಕಿತು. ಹಳ್ಳಿಗಳಲ್ಲಿ ದನ ಮೇಯಲು ಗೋಮಾಳ ಬಿಟ್ಟ ಹಾಗೆ ಗಾಳಿಯಲ್ಲೂ ಎರಡು ಗೋಮಾಳ ಬಿಟ್ಟಿದ್ದೀರಿ. ಆದರೆ ಅವುಗಳಿಗೆ ದಾರಿ ತೋರಿಸುವ ಒಂದು ಫಲಕ ಎಲ್ಲೂ ಇಲ್ಲ. ಗೆಜೆಟ್ಟಿನಲ್ಲಿ ಅಚ್ಚಾಗಿದೆ, ನಿಜ. ಮೂಡಿಗೆರೆಯ ಜೀಪು ಚಾಲಕ ಗೆಜೆಟ್ ತರಿಸುವುದಿಲ್ಲ.

27ರ ಈ ಜಾಗದ ಬಗ್ಗೆ ಇನ್ನೂ ನಾಲ್ಕು ಮಾತು ಹೇಳಬೇಕು, ಏಕೆಂದರೆ ಬಿಟ್ಟಿಯಾಗಿ ಸಿಕ್ಕಿದ್ದರ ಹಲ್ಲು ಎಣಿಸಲು ಯಾರೂ ಹೋಗಿಲ್ಲ. 27.12ನ್ನು ನಡುವಿಟ್ಟುಕೊಂಡು ಆಚೆಗೊಂದು ಈಚೆಗೊಂದು 163 ಕಿಲೋಹರ್ಟ್ಸ್ ಅಳೆದರೆ ಈ ಬ್ಯಾಂಡು ಸರಿಯಾಗಿ ಸಿಗುತ್ತದೆ. ಇದು ಯಂತ್ರಗಳಿಗೆಂದು ಜಗತ್ತಿನಾದ್ಯಂತ ಬಿಟ್ಟಿರುವ ಪಟ್ಟಿ. ರೆಕ್ಸಿನ್, ಪ್ಲಾಸ್ಟಿಕ್ ಹಾಳೆ ಬೆಸೆಯುವ ಮೆಷಿನ್ನುಗಳು, ಫಿಸಿಯೋಥೆರಪಿಯವರು ಮಂಡಿನೋವಿಗೆ ಕೊಡುವ ಡಯಾಥರ್ಮಿ ಕಾವು, ಎಲ್ಲ ಇಲ್ಲೇ. ಪೇಟೆಯಲ್ಲಿ ಆ ಸದ್ದಿನ ಜೊತೆಗೇ ಬದುಕಬೇಕು. ಕಾಡಿನ ನಡುವೆ ಆ ಕಾಟ ಕಡಿಮೆ. ಗುಡ್ಡದ ಓರೆಯಲ್ಲಿ 446ಕ್ಕಿಂತ 27 ಒಂದಿಷ್ಟು ಬಾಗಿ ಬಳಸಿ ಹೋಗುತ್ತದೆ ಎಂಬ ಅನುಕೂಲವೂ ಉಂಟು. ಆದರೆ ಇದರ ಅಲೆಯ ಉದ್ದ 11 ಮೀಟರ್. ಅದರ ಕಾಲು ಭಾಗದ ಕಡ್ಡಿ ನೆಡಬೇಕೆಂದರೂ ಎರಡೂ ಮುಕ್ಕಾಲು ಮೀಟರ್ ಬೇಕು. ಗೇಣುದ್ದದ ಆಂಟೆನಾದ ಕೈಸೆಟ್ಟಿನಲ್ಲಿ 5 ವ್ಯಾಟಿನ ಬಹುಪಾಲು ಕೈಯಲ್ಲೇ ಉಳಿಯುತ್ತದೆ. ಜೀಪಿನ ಬಾನೆಟ್ ಮೇಲೆ ಹೊರಗಿನ ಆಂಟೆನಾ ನೆಟ್ಟುಕೊಳ್ಳಬಹುದೋ ಇಲ್ಲವೋ ಎಂಬುದನ್ನು ಜನಸಾಮಾನ್ಯರಿಗೆ ತಿಳಿಯುವ ಒಂದು ಸಾಲಿನಲ್ಲಿ ಬರೆದುಕೊಡಿ. ಅಷ್ಟಾದರೆ ಈ ಗೋಮಾಳ ಮೇಯಲು ಬರುತ್ತದೆ.

ಇನ್ನೊಂದು ಸೂಕ್ಷ್ಮ. ಅಮೆರಿಕದಿಂದ ಯಾರಾದರೂ ತಂದುಕೊಟ್ಟ ಸಿಬಿ (ಸಿಟಿಜನ್ ಬ್ಯಾಂಡ್) ಸೆಟ್ಟಿನಲ್ಲಿ 40 ಚಾನೆಲ್ ಇರುತ್ತವೆ, 26.965ರಿಂದ 27.405ರವರೆಗೆ. ನಮ್ಮ ವಿನಾಯಿತಿ 27.283ಕ್ಕೆ ನಿಲ್ಲುತ್ತದೆ. 27ನೇ ಚಾನೆಲ್ಲು 27.275ರಲ್ಲಿದೆ, ಸರಿ. 28ನೆಯದು 27.285ರಲ್ಲಿ. ಎರಡು ಕಿಲೋಹರ್ಟ್ಸ್ ಆಚೆ! ಗುಂಡಿ ಒಂದು ಕಟಕ್ಕು ಹೆಚ್ಚು ತಿರುಗಿಸಿದವನು ಕಾನೂನು ಮೀರಿದವನಾಗುತ್ತಾನೆ. ಇದು ಅವನಿಗೆ ಗೊತ್ತಿರಬೇಕು ಎಂದು ಯಾವ ನ್ಯಾಯಾಧೀಶರು ನಿರೀಕ್ಷಿಸುತ್ತಾರೋ ನಾನರಿಯೆ.

ಅಮೆರಿಕದ ಮಾತು ಬಂದದ್ದಕ್ಕೆ ಅಲ್ಲಿನ ಕಥೆಯನ್ನೂ ಹೇಳಿಬಿಡುತ್ತೇನೆ, ನಿಮಗೆ ಗೊತ್ತಿರುವುದೇ ಆದರೂ. ಅಲ್ಲಿ 27 ಮೆಗಾಹರ್ಟ್ಸ್ ಮೊದಲು ಹ್ಯಾಮ್‌ಗಳದಾಗಿತ್ತು. 1958ರಲ್ಲಿ ಅಲ್ಲಿನ ಸಂಪರ್ಕ ನಿಯಂತ್ರಣ ಆಯೋಗ ಎಫ್‌ಸಿಸಿ ಅದನ್ನು ಅವರಿಂದ ಕಿತ್ತು ಜನಸಾಮಾನ್ಯರಿಗೆ ಕೊಟ್ಟಿತು. ಹಳೆಯ ಹ್ಯಾಮ್‌ಗಳ ಹೊಟ್ಟೆಯುರಿ ದಶಕಗಟ್ಟಲೆ ಆರಲಿಲ್ಲ. ಲೈಸೆನ್ಸ್ ತೆಗೆದುಕೊಳ್ಳಬೇಕು, ಕಾಲ್‌ಸೈನ್ ಹೇಳಬೇಕು ಎಂಬ ನಿಯಮಗಳಿದ್ದವು. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು, ಹೆದ್ದಾರಿಯಲ್ಲಿ ಗಂಟೆಗೆ 55 ಮೈಲಿಯ ಮಿತಿ ಬಂತು. ಯಾವ ಬಂಕಿನಲ್ಲಿ ಡೀಸೆಲ್ ಇದೆ, ಯಾವ ಮರದ ಹಿಂದೆ ಪೊಲೀಸ್ ನಿಂತಿದ್ದಾನೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಲಾರಿ ಚಾಲಕರು ಸಿಬಿಗೆ ಮುಗಿಬಿದ್ದರು. ಅವರ ಹಿಂದೆ ಇಡೀ ದೇಶ ಬಂತು. ಕಾಲ್‌ಸೈನ್ ಹೋಗಿ ಅಡ್ಡಹೆಸರುಗಳು ಬಂದವು. ಅಧ್ಯಕ್ಷ ಫೋರ್ಡ್ ಅವರ ಹೆಂಡತಿಯೇ ‘ಫಸ್ಟ್ ಮಾಮಾ’ ಎಂಬ ಅಡ್ಡಹೆಸರಿನಲ್ಲಿ ಮಾತಾಡುತ್ತಿದ್ದರೆ ಇನ್ನು ಯಾರನ್ನು ಹಿಡಿಯುವುದು? 1977ರಲ್ಲಿ 23 ಚಾನೆಲ್ಲುಗಳು 40 ಆದವು. 1983ರಲ್ಲಿ ಲೈಸೆನ್ಸನ್ನೇ ಕೈಬಿಟ್ಟರು. ಯಾರೂ ಪಾಲಿಸದ ನಿಯಮವನ್ನು ಇಟ್ಟುಕೊಂಡು ಅವರಾದರೂ ಏನು ಮಾಡಿಯಾರು?

ನಾವೂ ಇದನ್ನು ಮಾಡಿದವರೇ. 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದ ನಮ್ಮಲ್ಲಿ ರೇಡಿಯೊ ಕೇಳಲಿಕ್ಕೂ ಲೈಸೆನ್ಸ್ ಬೇಕಿತ್ತು. ಪೋಸ್ಟ್ ಆಫೀಸಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕಕ್ಕೆ ಸ್ಟ್ಯಾಂಪ್ ಹಚ್ಚಿಸಿಕೊಂಡು ಬರುತ್ತಿದ್ದ ಹಿರಿಯರು ಈಗಲೂ ನಮ್ಮೂರಲ್ಲಿದ್ದಾರೆ. ಮನೆಮನೆಗೂ ಟ್ರಾನ್ಸಿಸ್ಟರ್ ಬಂದ ಮೇಲೆ ಆ ಪುಸ್ತಕಕ್ಕೆ ಅರ್ಥವಿಲ್ಲವೆಂದು ಎಂಬತ್ತರ ದಶಕದಲ್ಲಿ ಸರ್ಕಾರವೇ ಬಿಟ್ಟುಕೊಟ್ಟಿತು. ಈಗ ಆ ಕಾಯ್ದೆಯ ಜಾಗಕ್ಕೆಂದು 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಹೊಸದರ ದಂಡದ ಭಾಗವನ್ನು ಓದಿದವರಿಗೆ ನಿದ್ದೆ ಬರುವುದು ಕಷ್ಟ, ಆದರೆ ಓದಿದವರು ಎಷ್ಟು ಮಂದಿ?

2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ಮಾರ್ಗಸೂಚಿ ಹೊರಡಿಸಿತು. ವಾಕಿಟಾಕಿ ಮಾರುವವರು ಅದು ಯಾವ ಫ್ರೀಕ್ವೆನ್ಸಿಯದು, ನಿಮ್ಮ ವಿಭಾಗದ ಟೈಪ್ ಅಪ್ರೂವಲ್, ಅಂದರೆ ಆ ಮಾದರಿಯ ಸೆಟ್ಟಿಗೆ ಒಪ್ಪಿಗೆ, ಇದೆಯೇ ಎಂಬುದನ್ನು ನೋಡಿಯೇ ಪಟ್ಟಿಗೆ ಹಾಕಬೇಕು ಎಂದಿತು. ಬಹಳ ಒಳ್ಳೆಯ ಕೆಲಸ, ತಡವಾದರೂ ಬಂತು. ಆದರೆ ಇದು ನಾಳೆ ಕೊಳ್ಳುವವನಿಗೆ. ಈಗಾಗಲೇ ಗುಡ್ಡ ಹತ್ತಿರುವ ಸೆಟ್ಟುಗಳ ಗತಿ? ಅವುಗಳ ಬಗ್ಗೆ ಅದರಲ್ಲಿ ಉತ್ತರವಿಲ್ಲ, ಇರಬೇಕಾದದ್ದೂ ಅಲ್ಲ. ಅದು ನಿಮ್ಮ ಕೆಲಸ.

ಈ ಗೊಂದಲದ ಪೆಟ್ಟು ಕೊನೆಗೆ ಬೀಳುವುದು ಯಾರ ಬೆನ್ನಿಗೆ ಎಂದೂ ಹೇಳಬೇಕು. ಮಲೆನಾಡು ನಕ್ಸಲ್ ಕಾಲ ಕಂಡ ಸೀಮೆ. ಕಾಡಿನ ದಾರಿಯಲ್ಲಿ ಆಂಟೆನಾ ಕಂಡರೆ ಪೊಲೀಸರ ಹುಬ್ಬು ಮೇಲೇರುವುದು ಸಹಜ. ನನ್ನ ಗೆಳೆಯ, ಲೈಸೆನ್ಸ್ ಇರುವ ಹ್ಯಾಮ್, ಒಂದು ಚೆಕ್‌ಪೋಸ್ಟಿನಲ್ಲಿ ಅರ್ಧ ದಿನ ಕುಳಿತು ಬಂದ. ಲೈಸೆನ್ಸ್ ತೋರಿಸಿದ. ಅಲ್ಲಿದ್ದ ಪೇದೆ ಅಂಥದ್ದೊಂದು ಕಾಗದವನ್ನು ಹಿಂದೆ ಕಂಡವರಲ್ಲ. ‘ಇದು ನಿಮ್ಮದೇ ಅನ್ನೋದಕ್ಕೆ ಏನ್ ಸಾಕ್ಷಿ ಸಾರ್?’ ಎಂದರಂತೆ. ಅದೇ ಹೊತ್ತಿಗೆ ಪಕ್ಕದಲ್ಲಿ ಮೂರು ಜೀಪುಗಳು ವಾಕಿಟಾಕಿಯಲ್ಲಿ ಮಾತಾಡಿಕೊಂಡೇ ದಾಟಿಹೋದವು. ಅವರು ಪರಿಚಯದವರು. ಪೇದೆಯ ತಪ್ಪಿಲ್ಲ, ಅವರಿಗೆ ಹೇಳಿಕೊಟ್ಟವರಿಲ್ಲ.

ಈಗ ನನ್ನ ಬಳಗಕ್ಕೆ ಎರಡು ಮಾತು, ನಿಮ್ಮ ಎದುರಿಗೇ.

ಗೆಳೆಯರೇ, ಲೈಸೆನ್ಸ್ ಇಲ್ಲದವರ ಮೇಲೆ ಸೀಟಿ ಊದುವುದು, ಕ್ಯಾರಿಯರ್ (ಮಾತಿಲ್ಲದ ಬರೀ ಸಿಗ್ನಲ್) ಹಾಕಿ ಅವರ ಮಾತು ಮುಚ್ಚುವುದು, ಬೈಯುವುದು ಬಿಡಿ. ಬೇಕೆಂದೇ ಅಡ್ಡಿ ಮಾಡಿದರೆ ನಿಯಮ ಮುರಿದವರು ನಾವೇ. ನಮ್ಮ 1978ರ ನಿಯಮಗಳ ಪ್ರಕಾರ ನಾವು ಮಾತಾಡಬಹುದಾದದ್ದು ಹ್ಯಾಮ್ ಸ್ಟೇಷನ್ನುಗಳ ಜೊತೆ. ಜೀವಕ್ಕೆ ಅಪಾಯವಿದ್ದಾಗಿನ ಮಾತು ಬೇರೆ. ‘ಇದು ಹ್ಯಾಮ್ ಬ್ಯಾಂಡ್, ಖಾಲಿ ಮಾಡಿ’ ಎಂದು ಗಾಳಿಯಲ್ಲೇ ಪಾಠ ಹೇಳಲು ಹೋದರೂ ತಾಂತ್ರಿಕವಾಗಿ ಇಕ್ಕಟ್ಟೇ. ದಿಕ್ಕು ಹಿಡಿಯುವ ಯಾಗಿ ಆಂಟೆನಾ ತಿರುಗಿಸಿ ಸಿಗ್ನಲ್ಲಿನ ಮನೆ ಹುಡುಕುವುದು ನಮಗೆ ಬರುತ್ತದೆ, ಫಾಕ್ಸ್ ಹಂಟ್ ಎಂದು ಭಾನುವಾರಗಳಲ್ಲಿ ಆಡುವುದೇ ಅದನ್ನು. ಹುಡುಕಿ, ಗುರುತು ಹಾಕಿಕೊಳ್ಳಿ. ಬಾಗಿಲು ತಟ್ಟಿದರೆ ನೆರೆಯವನಾಗಿ ತಟ್ಟಿ, ಕಾಫಿ ಕುಡಿದು 446ರ ವಿಷಯ ಹೇಳಿ ಬನ್ನಿ. ಇನ್ನು ನಮ್ಮಲ್ಲೇ ಕೆಲವರು ಪರಿಚಯದ ರೆಸಾರ್ಟಿನವರಿಗೆ ಸೆಟ್ ಪ್ರೋಗ್ರಾಮ್ ಮಾಡಿಕೊಟ್ಟು ಕಾಸು ಎಣಿಸಿಕೊಳ್ಳುತ್ತಾರೆ. ಅಂಥವರಿಗೆ ಬೇರೆಯವರ ಬಗ್ಗೆ ದೂರಲು ಮುಖ ಎಲ್ಲಿದೆ?

ಜೀಪಿನವರಿಗೆ ‘ನೀವೂ ಹ್ಯಾಮ್ ಲೈಸೆನ್ಸ್ ಮಾಡಿಸಿಕೊಂಡುಬಿಡಿ’ ಎಂದು ಸಲಹೆ ಕೊಡುವವರೂ ಇದ್ದಾರೆ. ಒಳ್ಳೆಯ ಮನಸ್ಸಿನ ತಪ್ಪು ಸಲಹೆ ಅದು. ಹ್ಯಾಮ್ ಬ್ಯಾಂಡಿನಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ. ಲೈಸೆನ್ಸ್ ಪಡೆದ ಮೇಲೂ ‘ಗೆಸ್ಟು ಇಳಿದ್ರಾ?’ ಎಂಬುದು ಅಲ್ಲಿ ತಪ್ಪೇ. ರೇಡಿಯೊ ಬಗ್ಗೆ ಕುತೂಹಲವಿದ್ದವರು ಖಂಡಿತ ಬನ್ನಿ. 12 ವರ್ಷ ತುಂಬಿದ ಮಕ್ಕಳೂ ಪರೀಕ್ಷೆ ಬರೆಯಬಹುದು. ಲೈಸೆನ್ಸ್ ಶುಲ್ಕ 20 ವರ್ಷಕ್ಕೆ 1000 ರೂಪಾಯಿ, ಜೀವಮಾನಕ್ಕೆ 2000. ವ್ಯಾಪಾರಕ್ಕೆ ಬೇಕಾದ ದಾರಿ ಬೇರೆ. ದೊಡ್ಡ ತೋಟಗಳು ತಮ್ಮದೇ ಫ್ರೀಕ್ವೆನ್ಸಿಗೆ ಕ್ಯಾಪ್ಟಿವ್ ಲೈಸೆನ್ಸ್, ಅಂದರೆ ಸ್ವಂತ ಬಳಕೆಯ ಲೈಸೆನ್ಸ್, ತೆಗೆದುಕೊಳ್ಳಬಹುದು. ಎರಡು ಜೀಪು ಇಟ್ಟುಕೊಂಡವನಿಗೆ ಆ ಕಾಗದಪತ್ರ, ರಾಯಲ್ಟಿ ಎಲ್ಲ ತೂಗುವುದಿಲ್ಲ. ಅವನಿಗಿರುವುದು ಗೋಮಾಳವೇ.

ನಮ್ಮ ಬ್ಯಾಂಡಿನ ಬಗ್ಗೆ ನಾವು ಇಷ್ಟು ಹಟ ಹಿಡಿಯುವುದಕ್ಕೆ ಉಪಗ್ರಹ ಮಾತ್ರ ಕಾರಣವಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಪೋರ್ಟ್ ಬ್ಲೇರ್‌ನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಮತ್ತು ಜೊತೆಯವರು ಇದ್ದರು. ಅಂಡಮಾನಿನಿಂದ ಹ್ಯಾಮ್ ಪ್ರಸಾರಕ್ಕೆಂದು ನಿಮ್ಮ ಇಲಾಖೆಯ ಅಪರೂಪದ ಅನುಮತಿ ಪಡೆದು ಹೋದವರು. ಫೋನುಗಳು ಸತ್ತಾಗ ದ್ವೀಪಗಳ ಸುದ್ದಿ ಹೊರಗೆ ಬಂದದ್ದು ಅವರ ಸೆಟ್ಟುಗಳಿಂದ. ಅಂಥ ಹೊತ್ತಿನಲ್ಲಿ ಬೇಕಾಗುವುದು ಖಾಲಿಯಿರುವ ಫ್ರೀಕ್ವೆನ್ಸಿ, ಮತ್ತು ಯಾವಾಗ ಬಾಯಿ ಮುಚ್ಚಿ ಕೇಳಬೇಕೆಂದು ಕಲಿತ ಜನ.

ಇನ್ನು ನನ್ನ ಬೇಡಿಕೆಗಳು. 27 ಮತ್ತು 446ರ ವಿನಾಯಿತಿ ಏನು, ಎಷ್ಟು ವ್ಯಾಟ್, ಎಂಥ ಆಂಟೆನಾ, ಡಬ್ಬಿಯ ಮೇಲೆ ಯಾವ ಗುರುತು ನೋಡಿ ಕೊಳ್ಳಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಮೀರದಂತೆ ಬರೆಸಿ, ಗ್ರಾಮ ಪಂಚಾಯಿತಿ, ಆರ್‌ಟಿಒ ಕಚೇರಿ, ಪ್ರವಾಸೋದ್ಯಮ ಇಲಾಖೆಗಳಿಗೆ ಹಂಚಿ. ಹೋಮ್‌ಸ್ಟೇ ನೋಂದಣಿಯ ಕಾಗದದ ಜೊತೆ ಅದು ಕೈಗೆ ಹೋಗಲಿ. ತಪ್ಪು ಸೆಟ್ ಇಟ್ಟುಕೊಂಡವರು ದಂಡದ ಭಯವಿಲ್ಲದೆ ಬಂದು ಒಪ್ಪಿಸಿಹೋಗಲು ಆರು ತಿಂಗಳು ಕೊಡಿ. ಅದಾದ ಮೇಲೂ ಕೇಳದವರ ಮೇಲೆ ಕ್ರಮ ತೆಗೆದುಕೊಳ್ಳಿ, ನಮ್ಮ ತಕರಾರಿಲ್ಲ. ಬೆಂಗಳೂರಿನ ನಿಮ್ಮ ಮಾನಿಟರಿಂಗ್ ಸ್ಟೇಷನ್ನಿಗೆ ನಾವು ಫ್ರೀಕ್ವೆನ್ಸಿ, ಸಮಯ, ದಿಕ್ಕು ಬರೆದು ರೆಕಾರ್ಡಿಂಗ್ ಸಮೇತ ದೂರು ಕಳಿಸಿದರೆ ‘ತಲುಪಿದೆ’ ಎಂಬ ಒಂದು ಸಾಲಾದರೂ ಬರಲಿ. ಹ್ಯಾಮ್ ಲೈಸೆನ್ಸ್ ಎಂದರೇನು, ಅದರ ಮೇಲೆ ಏನಿರುತ್ತದೆ ಎಂದು ಪೊಲೀಸ್ ಠಾಣೆಗಳಿಗೆ ಒಂದು ಸುತ್ತೋಲೆ ಹೋಗಲಿ, ರಾಜ್ಯ ಸರ್ಕಾರದ ಮೂಲಕವೇ ಆಗಲಿ. ಕೊನೆಯದು, ಪರೀಕ್ಷೆ ಪಾಸಾದ ಹುಡುಗರಿಗೆ ಲೈಸೆನ್ಸ್ ಬೇಗ ಕೊಡಿ. ತಿಂಗಳುಗಟ್ಟಲೆ ಕಾದು ಕಾದು ಕೈ ಸುಮ್ಮನಿರಲಾರದೆ ಬಟನ್ ಒತ್ತುವವರನ್ನು ನಾನು ಕಂಡಿದ್ದೇನೆ. ಲೈಸೆನ್ಸ್ ಇಲ್ಲದ ದನಿಗಳಲ್ಲಿ ಒಂದಷ್ಟು ಹಾಗೆ ಹುಟ್ಟಿದವು.

ಆ ಒಂದು ಪುಟವನ್ನು ಬರೆಯಲು ಆಳು ಸಾಲದಿದ್ದರೆ ಹೇಳಿ. ಕರಡು ನಾವು ಮಾಡಿಕೊಡುತ್ತೇವೆ, ತಿದ್ದಿ ಮೊಹರು ಒತ್ತುವುದಷ್ಟೇ ನಿಮ್ಮ ಕೆಲಸ. ಈ ಪತ್ರದ ಪ್ರತಿಗಳು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೂ ನಮ್ಮ ತಾಲ್ಲೂಕಿನ ಹೋಮ್‌ಸ್ಟೇ ಮಾಲೀಕರಿಗೂ ಹೋಗುತ್ತಿವೆ.

ಇಂತಿ ತಮ್ಮ ವಿಶ್ವಾಸಿ,
ಚಿಕ್ಕಮಗಳೂರು ಜಿಲ್ಲೆಯ ಒಬ್ಬ ಹ್ಯಾಮ್